ವಿಮಾನದ 12 ವೋಲ್ಟಿಂದ ಸೆಲ್ಲಿನ ಮೀಟರ್ ನಡಸಿದ್ದು

ನಮ್ಮ ದೊಡ್ಡಪ್ಪನ ಮಗಂದು ಒಂದು ಎರಡು ಸೀಟಿನ ಮೈಕ್ರೋಲೈಟ್ ವಿಮಾನ ಐತಿ. ಅಂವಾ ಇರೋದು ಹುಬ್ಬಳ್ಳಿ ಕೇಶ್ವಾಪುರದಾಗ, ವಿಮಾನ ನಿಲ್ಲೋದು ಬೆಂಗಳೂರಿನ ಜಕ್ಕೂರಾಗ, ಪುರಸೊತ್ತು ಸಿಕ್ಕಾಗ ರಾತ್ರಿ ರೈಲಿಗೆ ಹೋಗಿ ಹಾರಿ ಬರ್ತಾನ. ಇಂಜಿನ್ ರೋಟ್ಯಾಕ್ಸ್ 912, 80 ಹಾರ್ಸ್‌ಪವರಿಂದು, ತನ್ನೊಳಗಿನ ಜನರೇಟರಿಂದ 250 ವ್ಯಾಟ್ ತನಕ ಕರೆಂಟ್ ಕೊಡ್ತೈತಿ. ಅಷ್ಟು ಕರೆಂಟ್ ಇದ್ರೂ ಪ್ಯಾನಲ್ ಮ್ಯಾಲಿನ ಅರ್ಧ ಸಾಮಾನು ಸೆಲ್ ಮ್ಯಾಲ ನಡೀತಿದ್ವು. ಕೈಯಾಗ ಹಿಡಿಯೋ ಹಳೇ ಜಿಪಿಎಸ್‌ಗೆ ಎರಡು ಪೆನ್ಸಿಲ್ ಸೆಲ್, ಸೈಲೆನ್ಸರ್ ಶಾಖ ತೋರಸೋ ಇಜಿಟಿ ಮೀಟರಿಗೆ 9 ವೋಲ್ಟಿನ ಚೌಕ ಬ್ಯಾಟರಿ, ಇಬ್ಬರು ಮಾತಾಡೋ ಇಂಟರ್‌ಕಾಮ್‌ಗೆ ಇನ್ನೊಂದು 9 ವೋಲ್ಟಿಂದು, ಮತ್ತ ವಾಕಿಟಾಕಿ ಥರದ ಏರ್‌ಬ್ಯಾಂಡ್ ರೇಡಿಯೋಕ್ಕ ಅದರದ್ದs ಚಾರ್ಜ್ ಮಾಡೋ ಪ್ಯಾಕ್. ಒಂದು ಸಲ ಹಾರಾಟದ ನಡಬರಕ ಜಿಪಿಎಸ್ ಬಂದ್ ಬಿತ್ತಂತ, ಕೆಳಗ ಧೂಳಿನ ಮಬ್ಬು, ರೋಡು ಕೆರಿ ಯಾವುದೂ ನೆಟ್ಟಗ ಕಾಣಸವಲ್ದು, ಒಂದು ಕೈಲೆ ಸ್ಟಿಕ್ ಹಿಡದು ಇನ್ನೊಂದು ಕೈಲೆ ಮುಚ್ಚಳ ತಗದು ಸೆಲ್ ಬದಲಿ ಮಾಡಬೇಕಾತಂತ. ಊರಿಗೆ ಬಂದಾಗ ಎಲ್ಲಾ ಸಾಮಾನು ಒಂದು ಚೀಲದಾಗ ಹಾಕ್ಕೊಂಡು ಗೋಕುಲ್ ರೋಡಿನ ನಮ್ಮ ಅಂಗಡಿಗೆ ಬಂದು ಟೇಬಲ್ ಮ್ಯಾಲ ಇಟ್ಟಾ. "ತಮ್ಮಾ, ಇವಕ್ಕೆಲ್ಲಾ ವಿಮಾನದ 12 ವೋಲ್ಟಿಂದನ ಕರೆಂಟ್ ಕೊಡಾಕ ಬರ್ತೈತೇನ ನೋಡು" ಅಂದಾ.

ನಾನು ಇನ್ವರ್ಟರ್, ಯುಪಿಎಸ್, ಪಂಪ್‌ಸೆಟ್ಟಿನ ಸ್ಟಾರ್ಟರ್ ಪ್ಯಾನಲ್ ರಿಪೇರಿ ಮಾಡೋ ಮನಷ್ಯಾ. ವೋಲ್ಟೇಜ್ ಇಳಸೋದು ನನಗ ದಿನಾ ಇದ್ದದ್ದ ಕೆಲಸ. ಆದ್ರ ಇದನ್ನ ಮಾಡಿ ಮುಗಿಸಿದ ಮ್ಯಾಲ ಒಂದು ಮಾತು ಖಚಿತ ಹೇಳ್ತೀನಿ, ಈ ಕೆಲಸದಾಗ ವೋಲ್ಟೇಜ್ ಇಳಸೋದು ಎಲ್ಲಾದಕ್ಕಿಂತ ಹಗುರ ಭಾಗ. ಸೆಲ್ ಒಂದು ಸಾಮಾನಿಗೆ ಬರೇ 3 ವೋಲ್ಟ್, 9 ವೋಲ್ಟ್ ಕೊಡಂಗಿಲ್ಲ, ಅದರ ಜೋಡಿ ಇನ್ನೂ ಎರಡು ಕೊಡ್ತೈತಿ. ಒಂದು, ಗದ್ದಲ ಇಲ್ಲದ ಸ್ವಚ್ಛ ಕರೆಂಟ್. ಎರಡನೇದು, ಅದರ ಮೈನಸ್ ತುದಿ ಬ್ಯಾರೆ ಯಾವುದಕ್ಕೂ ಕೂಡಿರಂಗಿಲ್ಲ, ಆ ಸಾಮಾನು ತನ್ನಷ್ಟಕ್ಕ ತಾನು ಇರ್ತೈತಿ. ಸೆಲ್ ತಗದು ವಿಮಾನದ ಕರೆಂಟ್ ಹಚ್ಚಿದ ಕ್ಷಣಕ್ಕ ಈ ಎರಡೂ ಹೋಗ್ತಾವ. ಅವನ್ನ ಮತ್ತ ತಿರುಗಿ ಕೊಡಾಕನ ನನ್ನ ಮುಕ್ಕಾಲು ಶ್ರಮ ಹೋತು.

ಮೊದಲ ವಿಮಾನದ ಸಾಕೆಟ್ಟಿನಾಗ ಏನು ಬರ್ತೈತಿ ಅನ್ನೋದು. ಇಂಜಿನ್ ಬಂದ್ ಇದ್ದಾಗ ಬ್ಯಾಟರಿ 12.6 ವೋಲ್ಟ್, ಇಂಜಿನ್ ಓಡಿದಾಗ 14ರ ಸನೇಕ, ಸ್ಟಾರ್ಟರ್ ಎಳದಾಗ 10ಕ್ಕಿಂತ ಕೆಳಗ ಜಾರ್ತೈತಿ, ಸ್ಟಾರ್ಟರ್ ಬಿಟ್ಟ ಗಳಿಗಿಗೆ ಮ್ಯಾಲೆ ಒಂದು ಚೂಪಾದ ಏಟು ಬರ್ತೈತಿ. ಈ ಇಂಜಿನ್ನಿನ ಜನರೇಟರ್ ಕಾಯಂ ಮ್ಯಾಗ್ನೆಟ್ ಇದ್ದದ್ದು, ಎಸಿ ಹುಟ್ಟಸ್ತೈತಿ, ಅದನ್ನ ಹೊರಗಿನ ರೆಗ್ಯುಲೇಟರ್ ಡಿಸಿ ಮಾಡ್ತೈತಿ, ಅಂದ್ರ ನಮ್ಮ ಬೈಕಿನಾಗ ಇರೋ ಅದ ಪದ್ಧತಿ. ಹಂಗಾಗಿ ಡಿಸಿ ಮ್ಯಾಲ ಅಲೆ ಇದ್ದs ಇರ್ತಾವ. ರೋಟ್ಯಾಕ್ಸ್‌ನವರು ರೆಗ್ಯುಲೇಟರ್ ಔಟ್‌ಪುಟ್ಟಿಗೆ 22,000 ಮೈಕ್ರೋಫ್ಯಾರಡ್ಡಿನ ದೊಡ್ಡ ಕೆಪಾಸಿಟರ್ ಹಾಕ್ರಿ ಅಂತ ಹೇಳಿರೋದು ಸುಮ್ನ ಅಲ್ಲ. ಇನ್ನ ಹಾರೋವಾಗ ಬ್ಯಾಟರಿ ಟರ್ಮಿನಲ್ ಸಡ್ಲಾತಂದ್ರ, ವೋಲ್ಟೇಜ್ ಹಿಡದು ಕುಂಡ್ರಸೋ ಬ್ಯಾಟರಿನ ಇಲ್ದಂಗ ಆಗಿ ಲೈನ್ ಒಮ್ಮೆಲೆ ಮ್ಯಾಲೆ ಜಿಗೀತೈತಿ. ಅದಕ್ಕಂತ ಈ ಸಾಮಾನಿಗೆಲ್ಲಾ ಕರೆಂಟ್ ಇಳಸಿ ಕೊಡಾಕ ನಾನು ಮಾಡಿದ ಡಬ್ಬಿ ಬಾಗಲಾಗನ, ಅಂದ್ರ ಕರೆಂಟ್ ಒಳಗ ಬರೋ ಕಡೆ, ಒಂದು 1.5ಕೆಇ18ಎ ಸಪ್ರೆಸರ್ ಡಯೋಡ್ ಕುಂಡ್ರಿಸಿದ್ನಿ. ಇದು ಸುಮಾರು 18 ವೋಲ್ಟಿಗೆ ಕರೆಂಟ್ ಎಳ್ಯಾಕ ಶುರು ಮಾಡಿ, ದೊಡ್ಡ ಏಟು ಬಂದ್ರೂ 25 ವೋಲ್ಟಿನ ಸುತ್ತ ತಡೀತೈತಿ. ಮುಂದಿರೋ ರೆಗ್ಯುಲೇಟರ್ ಐಸಿ 35 ವೋಲ್ಟ್ ತಾಳ್ಕೋತಾವ, ಅಂದ್ರ ನಡಕ ಸಾಕಷ್ಟು ಜಾಗಾ ಉಳೀತು. ಅದರ ಮುಂದ 3 ಆಂಪ್ ಫ್ಯೂಸ್, ಹಿಂದ ಉಲ್ಟಾ ಹಚ್ಚಿದ್ರ ಸುಡಬಾರದಂತ ಒಂದು ಶಾಟ್ಕಿ ಡಯೋಡ್, ಆಮ್ಯಾಲ ಚೋಕ್, ಆಮ್ಯಾಲ 2200 ಮೈಕ್ರೋಫ್ಯಾರಡ್ 35 ವೋಲ್ಟಿನ ಕೆಪಾಸಿಟರ್. ಡಬ್ಬಿ ಅಲ್ಯೂಮಿನಿಯಂದು.

ಪ್ಯಾನಲ್ ಹಿಂದಿನ ವೈರಿಂಗಿಗೆ ಕೈ ಹಚ್ಚೋದು ಬ್ಯಾಡ ಅಂತ ಮೊದಲ ದಿನಾನ ಇಬ್ಬರೂ ಮಾತಾಡ್ಕೊಂಡಿದ್ವಿ. ನೋಂದಣಿ ಆದ ವಿಮಾನದಾಗ ಕಾಯಂ ವೈರಿಂಗ್ ಅಂದ್ರ ಅದಕ್ಕ ಲೈಸೆನ್ಸ್ ಇದ್ದ ಇಂಜಿನಿಯರ್ ನೋಡಬೇಕು, ಸಹಿ ಆಗಬೇಕು, ಅದು ಹಂಗ ಇರಬೇಕಾದ್ದs. ಪ್ಯಾನಲ್ಲಿನಾಗ ಕಾರಿನ ಲೈಟರ್ ಥರದ ಸಾಕೆಟ್ ಮೊದಲಿಂದ ಇತ್ತು, ಅದಕ್ಕ 5 ಆಂಪ್ ಫ್ಯೂಸೂ ಇತ್ತು. ಹಂಗಾಗಿ ನನ್ನ ಡಬ್ಬಿ ಬರೇ ಚುಚ್ಚಿ ಕೀಳೋ ಸಾಮಾನು, ಕಿತ್ತು ಒಗದ್ರ ವಿಮಾನ ಮೊದಲ ಇದ್ದಂಗ ಇರಬೇಕು.

ಜಿಪಿಎಸ್‌ಗೆ ಯುಎಸ್‌ಬಿ ಕಿಂಡಿ ಇತ್ತು, ಆದ್ರ ಅದಕ್ಕ ವೈರ್ ಹಚ್ಚಿದ್ರ ಅದು ಕಂಪ್ಯೂಟರಿಗೆ ಹಚ್ಯಾರಂತ ತಿಳಕೊಂಡು ನಕಾಶೆ ಬಂದ್ ಮಾಡಿ ಫೈಲ್ ತೋರಸಾಕ ನಿಲ್ತಿತ್ತು. ಉಳದದ್ದು ಒಂದ ದಾರಿ, ಸೆಲ್ಲಿನ ಜಾಗಾದಾಗ ಸೆಲ್ಲಿನ ಆಕಾರದ ಕಟಗಿ ಇಟ್ಟು ಅದರ ತುದಿಗೆ ವೈರ್ ಕೊಡೋದು. ಪೆನ್ಸಿಲ್ ಸೆಲ್ 14.5 ಮಿಲಿಮೀಟರ್ ದಪ್ಪ, 50.5 ಮಿಲಿಮೀಟರ್ ಉದ್ದ. ಅರ್ಧ ಮಿಲಿಮೀಟರ್ ಕಮ್ಮಿ ಆದ್ರ ವಿಮಾನದ ನಡುಕಕ್ಕ ಸ್ಪ್ರಿಂಗಿನಾಗ ಕುಣೀತೈತಿ, ಜಾಸ್ತಿ ಆದ್ರ ಮುಚ್ಚಳ ಹಾಕಾಕ ಬರಂಗಿಲ್ಲ. ಪೊರಕಿ ಕಟಗಿ, ಪ್ಲಾಸ್ಟಿಕ್ ಪೈಪು ಎಲ್ಲಾ ಅಳದು ನೋಡಿ ಬಿಟ್ಟು, ಬೈಕ್ ತಗೊಂಡು ಕಾರವಾರ ರೋಡ್ ಹಿಡದು ಕಲಘಟಗಿಗೆ ಹೋದ್ನಿ. ಕಲಘಟಗಿ ತೊಟ್ಟಿಲಾ ಅಂದ್ರ ನಮ್ಮ ಕಡೆ ಗೊತ್ತಿಲ್ಲದವರು ಯಾರದಾರ, ಆ ತೊಟ್ಟಿಲಿನ ಕಾಲು ಗುಂಡು ಎಲ್ಲಾ ಕಡದು ಅರಗು ಹಚ್ಚೋ ಮಂದಿಗೆ ಈ ಅಳತಿ ಯಾವ ಲೆಕ್ಕ. ಅಲ್ಲೊಬ್ಬ ಅಜ್ಜಾರು ನಾನು ತಂದಿದ್ದ ಸೆಲ್ಲನ್ನ ಬೆರಳಾಗ ತಿರುಗಿಸಿ ನೋಡಿದ್ರು. "ಇದರಷ್ಟs ಬೇಕೋ, ಇದಕ್ಕಿಂತ ಒಂದು ಎಳಿ ಬಿಗಿ ಬೇಕೋ?" ಅಂತ ಕೇಳಿದ್ರು. ನಾನು ಬೇಕಾದ್ದನ್ನ ಹೇಳೂಮುಂಚೆನ ಅವರು ಕೇಳಿದ್ದು ನನಗ ಭಾಳ ಹಿಡಿಸ್ತು. ಸಾಗವಾನಿ ತುಂಡು ಮಿಷನ್ನಿಗೆ ಕಟ್ಟಿ, ಕಡದು, ಅರಗಿನ ಕಡ್ಡಿ ಒತ್ತಿ, ಕೇದಿಗಿ ಎಲಿಲೆ ತಿಕ್ಕಿ ಹೊಳಪು ಕೊಟ್ರು. ಒಂದು ಕೆಂಪು, ಒಂದು ಹಳದಿ. ಬಣ್ಣ ನಾನs ಕೇಳಿದ್ದು, ಕೆಂಪು ಪ್ಲಸ್ಸಿಗೆ.

ಮನಿಗೆ ಬಂದು ಕೆಂಪು ತುಂಡಿನ ತುದಿಗೆ ಹಿತ್ತಾಳಿ ಸ್ಕ್ರೂ ಹಾಕಿದ್ನಿ. ಇಲ್ಲೊಂದು ಸೂಕ್ಷ್ಮ ಐತಿ. ಭಾಳ ಸಾಮಾನಿನಾಗ ಸೆಲ್ ಉಲ್ಟಾ ಹಾಕಬಾರದಂತ ಪ್ಲಸ್ ತಗಡಿನ ಸುತ್ತ ಪ್ಲಾಸ್ಟಿಕ್ ಏರು ಕೊಟ್ಟಿರ್ತಾರ, ಸೆಲ್ಲಿನ ಮೂಗು ಅದರೊಳಗ ಹೊಕ್ಕರ ಮಾತ್ರ ತಾಗ್ತೈತಿ. ಹಂಗಾಗಿ ಸ್ಕ್ರೂ ತಲಿ ಐದೂವರಿ ಮಿಲಿಮೀಟರಿಗಿಂತ ಅಗಲ ಇರಬಾರದು, ಒಂದು ಮಿಲಿಮೀಟರರ ಹೊರಗ ಚಾಚಿರಬೇಕು, ಇಲ್ಲಂದ್ರ ಎಲ್ಲಾ ನೆಟ್ಟಗಿದ್ರೂ ಚಾಲೂ ಆಗಂಗಿಲ್ಲ. ಹಳದಿ ತುಂಡಿನ ಮೈನಸ್ ತುದಿಗೆ ಚಪ್ಪಟಿ ತಲಿ ಸ್ಕ್ರೂ. ಈ ಜಿಪಿಎಸ್‌ನಾಗ ಪ್ಲಸ್ ಮೈನಸ್ ಎರಡೂ ಒಂದ ಬಾಜು ಇದ್ವು, ಆ ಕಡೆ ತುದಿಯಾಗ ಎರಡು ಸೆಲ್ ಕೂಡಸೋ ತಗಡು ಅಷ್ಟ, ಹಂಗಾಗಿ ಅಲ್ಲಿ ಬರೇ ಕಟಗಿ ಸಾಕು. ಮುಚ್ಚಳದ ಮೂಲಿ ಸಣ್ಣಗ ಅರಾದಿಂದ ತಿಕ್ಕಿ ವೈರಿಗೆ ದಾರಿ ಮಾಡಿದ್ನಿ. ನೀರು ಹೊಗದಂಗ ಇದ್ದದ್ದು ಹೋತು, ಆದ್ರ ಕ್ಯಾಬಿನ್ ಒಳಗ ಇರೋ ಸಾಮಾನಿಗೆ ಅದು ನಡೀತೈತಿ.

3 ವೋಲ್ಟಿಗೆ ಎಲ್‌ಎಂ 317 ಅನ್ನೋ ವೋಲ್ಟೇಜ್ ಇಳಸೋ ಐಸಿ ಹಾಕಿದ್ನಿ, 240 ಮತ್ತ 330 ಓಮಿನ ರೆಸಿಸ್ಟರ್, ಲೆಕ್ಕಕ್ಕ 2.97, ಅಳದ್ರ ಹೆಚ್ಚು ಕಮ್ಮಿ 3. ಜಿಪಿಎಸ್ ಸುಮಾರು 130 ಮಿಲಿಆಂಪ್ ತಗೋತಿತ್ತು. 14ರಿಂದ 3ಕ್ಕ ಇಳಸಬೇಕಂದ್ರ 11 ವೋಲ್ಟ್ ಐಸಿ ಮ್ಯಾಲ ಬೀಳ್ತೈತಿ, ಅದು ಸುಮಾರು 1.4 ವ್ಯಾಟ್ ಶಾಖ, ಜಿಪಿಎಸ್ ಉಣ್ಣೋದಕ್ಕಿಂತ ಮೂರೂವರಿ ಪಟ್ಟು ಬರೇ ಬಿಸಿಯಾಗಿ ಹೋಗ್ತೈತಿ. ಹೀಟ್‌ಸಿಂಕ್ ಇಲ್ದ ಬಿಟ್ರ ಬೆರಳು ಇಡಾಕ ಆಗಂಗಿಲ್ಲ. ಡಬ್ಬಿ ಗೋಡಿಗೇ ಬೋಲ್ಟ್ ಮಾಡಿದ್ನಿ, ನಡಕ ಮೈಕಾ ವಾಷರ್ ಇಟ್ಟು, ಯಾಕಂದ್ರ 317ರ ಲೋಹದ ಬೆನ್ನು ಅಂದ್ರ ಅದರ ಔಟ್‌ಪುಟ್ಟ, 5 ವೋಲ್ಟ್ ಕೊಡೋ 7805 ಐಸಿದ್ದು ಹಂಗಲ್ಲ, ಅದು ಮೈನಸ್. ಈ ಐಸಿ ಕೆಟ್ರ ಹೆಚ್ಚಾಗಿ ಒಳಗ ಶಾರ್ಟ್ ಆಗ್ತೈತಿ, ಅವಾಗ 14 ವೋಲ್ಟ್ ಸೀದಾ ಜಿಪಿಎಸ್‌ಗೆ ಹೊಕ್ಕೈತಿ. ಅದಕ್ಕ ಔಟ್‌ಪುಟ್ಟಿಗೆ 5 ವ್ಯಾಟಿನ 3.9 ವೋಲ್ಟ್ ಝೀನರ್, ಇನ್‌ಪುಟ್ಟಿಗೆ ಅರ್ಧ ಆಂಪ್ ಫ್ಯೂಸ್. ಝೀನರ್ ಎಳದು ಫ್ಯೂಸ್ ಹಾರಸಬೇಕು, ಸಾಮಾನು ಉಳೀಬೇಕು.

ಇಷ್ಟು ಶಾಖ ಯಾಕ ಸುಡಬೇಕು, ಸ್ವಿಚಿಂಗ್ ಮಾಡ್ಯೂಲ್ ಹಾಕಿದ್ರ ಆಗ್ತಿದ್ದಿಲ್ಲೇನ ಅಂತ ಯಾರರ ಕೇಳೇ ಕೇಳ್ತಾರ. ಕೊಪ್ಪಿಕರ್ ರೋಡಿನ ಕಡೆ ಎಲ್‌ಎಂ 2596 ಮಾಡ್ಯೂಲ್ ಎಷ್ಟು ಬೇಕಾದಷ್ಟು ಸಿಗ್ತಾವ, ಬೆವರಂಗೂ ಇಲ್ಲ. ಆದ್ರ ಅದು ಸೆಕೆಂಡಿಗೆ ಒಂದೂವರಿ ಲಕ್ಷ ಸಲ ಕರೆಂಟ್ ಕಡದು ಕೂಡಸ್ತೈತಿ, ಅಂದ್ರ 150 ಕಿಲೋಹರ್ಟ್ಸ್, ಮತ್ತ ಅದರ ಎರಡು ಪಟ್ಟು ಮೂರು ಪಟ್ಟು ನಾಲ್ಕು ಪಟ್ಟು ಎಲ್ಲಾ ಕಡೆ ಗದ್ದಲ ಸುರುವ್ತೈತಿ. ಇದನ್ನ ತಿಳ್ಕೊಳ್ಳಾಕ ದೊಡ್ಡ ಯಂತ್ರ ಬೇಕಿಲ್ಲ. ಅಂಗಡ್ಯಾಗ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಐತಿ, ಅದನ್ನ ನಮ್ಮ ಧಾರವಾಡ ಆಕಾಶವಾಣಿಗೆ ಹಚ್ಚಿಟ್ನಿ, 765 ಕಿಲೋಹರ್ಟ್ಸ್. 150ರ ಐದು ಪಟ್ಟು 750, ಸನೇಕನ ಬಂತು, ಮತ್ತ ಈ ಮಾಡ್ಯೂಲ್ ಎಂದೂ ಸರಿಯಾಗಿ 150ಕ್ಕ ನಿಲ್ಲಂಗಿಲ್ಲ, ಆ ಕಡೆ ಈ ಕಡೆ ಸರೀತಿರ್ತೈತಿ. ಮಾಡ್ಯೂಲ್ ಚಾಲೂ ಮಾಡಿ ರೇಡಿಯೋ ಹತ್ರ ತಂದ್ರ ಹಾಡಿನ ಮ್ಯಾಲ ಕಿಂಯ್ ಅನ್ನೋ ಸಪ್ಪಳ ಏರಿ ಬಂತು, ಲೋಡ್ ಹೆಚ್ಚು ಕಮ್ಮಿ ಮಾಡಿದಂಗ ಆ ಸಪ್ಪಳದ ಸ್ವರನೂ ಏರಿಳೀತಿತ್ತು. 317 ಹಚ್ಚಿ ಅಷ್ಟs ಹತ್ರ ತಂದ್ರ ಹಾಡು ಹಾಡಿನಂಗ ಇತ್ತು. ವಿಮಾನದ ರೇಡಿಯೋ 118ರಿಂದ 137 ಮೆಗಾಹರ್ಟ್ಸ್ ಒಳಗ ಮಾತಾಡ್ತೈತಿ, ಭಾಳ ಮ್ಯಾಲಿನ ಜಾಗಾ ಖರೆ, ಆದ್ರ ಅದೂ ಎಎಂ, ಗದ್ದಲ ಹೊಕ್ಕರ ಅದನ್ನ ಕಿವಿಗೇ ತಂದು ಕೊಡ್ತೈತಿ, ಎಫ್‌ಎಂ ಥರ ನುಂಗಂಗಿಲ್ಲ. ಆಮ್ಯಾಲ ಅಣ್ಣನ ರೇಡಿಯೋದಾಗ ಸ್ಕ್ವೆಲ್ಚ್, ಅಂದ್ರ ಸಿಗ್ನಲ್ ಇಲ್ದಾಗ ಸಪ್ಪಳ ಮುಚ್ಚಿಡೋದು, ಹಾಕಿಟ್ಟು ಅಗ್ಗದ ಕಾರ್ ಚಾರ್ಜರ್ ಒಂದನ್ನ ಅದರ ಆಂಟೆನಾ ಬಾಜು ತಂದ್ವಿ, ಸ್ಕ್ವೆಲ್ಚ್ ಒಡದು ಬುಸ್ ಅಂತ ಸಪ್ಪಳ ಶುರು ಆತು. ದೂರದ ಟವರ್ ಮಾತು ಇಂಥಾದ್ರಾಗ ಮುಳಗಿ ಹೋದ್ರ ಏನು ಗತಿ. ಶಾಖಾನ ವಾಸಿ ಅಂತ ತೀರ್ಮಾನ ಮಾಡಿದ್ವಿ.

ಈಗ ಇಜಿಟಿ ಮೀಟರ್. ನನ್ನ ನಿದ್ದಿ ಕಡಿಸಿದ್ದು ಇದ, ಮತ್ತ ನಾನು ಭಾಳ ಕಲತದ್ದೂ ಇದರಾಗನ. ಸೈಲೆನ್ಸರ್ ಪೈಪಿನಾಗ ಹೊಕ್ಕೊಂಡಿರೋ ಥರ್ಮೋಕಪಲ್, ಅಂದ್ರ ಶಾಖಕ್ಕ ವೋಲ್ಟೇಜ್ ಹುಟ್ಟಸೋ ಪ್ರೋಬ್, ಕೆ ಟೈಪಿಂದು, ಒಂದು ಡಿಗ್ರಿ ಶಾಖಕ್ಕ ಅದು ಹುಟ್ಟಸೋದು ಸುಮಾರು 41 ಮೈಕ್ರೋವೋಲ್ಟ್. ಅಂದ್ರ ಇಡೀ 800 ಡಿಗ್ರಿಗೂ ಮೂವತ್ತಮೂರು ಮಿಲಿವೋಲ್ಟ್ ಅಷ್ಟ. ಮೀಟರ್ ಇಷ್ಟು ಸಣ್ಣ ವೋಲ್ಟೇಜ್ ಓದಿ ಶಾಖ ಹೇಳ್ತೈತಿ. ಈ ಪ್ರೋಬಿನ ತುದಿ ಒಳಗ ಲೋಹದ ಕೊಳವಿಗೆ ಕೂಡೇ ಇರ್ತೈತಿ, ಶಾಖ ಲಗೂನ ಹಿಡೀಲಿ ಅಂತ. ಕೊಳವಿ ಪೈಪಿಗೆ, ಪೈಪು ಇಂಜಿನ್ನಿಗೆ, ಇಂಜಿನ್ ಬ್ಯಾಟರಿ ಮೈನಸ್ಸಿಗೆ. ಇನ್ನ ಆ ಮೀಟರ್ ಬಿಚ್ಚಿ ನೋಡಿದ್ರ ಥರ್ಮೋಕಪಲ್ಲಿನ ಮೈನಸ್ ವೈರ್ ಅದರ 9 ವೋಲ್ಟ್ ಬ್ಯಾಟರಿ ಮೈನಸ್ಸಿಗೇ ಕೂಡಿತ್ತು. ಸೆಲ್ ಮ್ಯಾಲ ನಡಿಯೋವಾಗ ಇದರಿಂದ ಏನೂ ತೊಂದ್ರಿ ಇಲ್ಲ, ಯಾಕಂದ್ರ ಮೀಟರಿಗೆ ವಿಮಾನದ ಜೋಡಿ ಒಂದ ಕಡೆ ಮಾತ್ರ ಸಂಬಂಧ. 9 ವೋಲ್ಟ್ ಕೊಡೋ 7809 ಐಸಿ ಹಾಕಿ ವಿಮಾನದ ಲೈನಿಂದ ಕೊಟ್ರ ಎರಡನೇ ಸಂಬಂಧ ಬೆಳೀತೈತಿ, ಪ್ಯಾನಲ್ಲಿನ ಮೈನಸ್ ಒಂದು, ಇಂಜಿನ್ ಕಡೆ ಮೈನಸ್ ಇನ್ನೊಂದು, ಇವೆರಡು ಒಂದ ಅಂತ ನಾವು ಅಂತೀವಿ, ಆದ್ರ ನಡಕ ವೈರ್ ಐತಿ, ವೈರಿನಾಗ ಕರೆಂಟ್ ಹರೀತೈತಿ, ಹರದ್ರ ವೋಲ್ಟ್ ಬೀಳ್ತೈತಿ.

ಜಕ್ಕೂರಿಗೆ ಹೋಗೂಮುಂಚೆ ಇದನ್ನ ಕಣ್ಣಿಲೆ ನೋಡಬೇಕು ಅನಿಸ್ತು. ಅಂಗಡಿ ಮುಂದ ನನ್ನ ಬೈಕ್ ಸ್ಟ್ಯಾಂಡ್ ಹಾಕಿ, ಸೈಲೆನ್ಸರಿನ ಬೆಂಡ್ ಪೈಪಿಗೆ ಹೋಸ್ ಕ್ಲಿಪ್ಪಿಲೆ ಪ್ರೋಬ್ ಬಿಗಿದು, ಮೊದಲ 9 ವೋಲ್ಟ್ ಬ್ಯಾಟರಿ ಮ್ಯಾಲ ಓದಿದ್ವಿ, ಇಂಜಿನ್ ಐಡ್ಲಿಂಗ್ ಒಳಗ ಇನ್ನೂರಾ ಹತ್ತರ ಆಸುಪಾಸು ನಿಂತು. ಆಮ್ಯಾಲ ಬೈಕಿನ ಲೈನಿಗೆ 7809 ಹಚ್ಚಿ ಮೀಟರ್ ಅದರ ಮ್ಯಾಲ ಹಾಕಿ, ಮೈನಸ್ ಮಾತ್ರ ಬೇಕಂತನ ಹಾರ್ನಿನ ಮೈನಸ್ ವೈರಿಗೆ ಕೂಡಿಸಿದ್ನಿ, ವಿಮಾನದ ಪ್ಯಾನಲ್ಲಿನಾಗೂ ಹಿಂಗ ಎಲ್ಲಾರದ್ದು ಒಂದ ವೈರಿನಾಗ ಹೋಗ್ತೈತಿ ಅಂತ. ಅಣ್ಣ ಹಾರ್ನ್ ಒತ್ತಿದಾ. ಇನ್ನೂರಾ ಹತ್ತು ಇದ್ದದ್ದು ನಾಲ್ಕುನೂರಾ ಐವತ್ತಕ್ಕ ಜಿಗೀತು. ಕೈ ಬಿಟ್ಟಾ, ಮತ್ತ ಇನ್ನೂರಾ ಹತ್ತು. ಒತ್ತಿದಾ, ನಾಲ್ಕುನೂರಾ ಐವತ್ತು. ಬಾಜು ಅಂಗಡಿಯವರು ಹೊರಗ ಬಂದು ನೋಡಾಕ ಹತ್ತಿದ್ರು. ಲೆಕ್ಕ ಹಾಕಿದ್ರ ಸರಿಯಾಗಿ ಕೂಡ್ತು: ಮುಕ್ಕಾಲು ಸ್ಕ್ವೇರ್ ಎಂಎಂ ತಾಮ್ರದ ವೈರ್ ಒಂದು ಗೇಣುದ್ದ ಇದ್ರ ಅದರ ರೆಸಿಸ್ಟೆನ್ಸ್ ಸುಮಾರು 5 ಮಿಲಿಓಮ್, ಹಾರ್ನ್ 2 ಆಂಪ್ ಎಳದ್ರ 10 ಮಿಲಿವೋಲ್ಟ್, ಅದನ್ನ 41 ಮೈಕ್ರೋವೋಲ್ಟಿಂದ ಭಾಗಿಸಿದ್ರ 240 ಡಿಗ್ರಿ ಮ್ಯಾಲ. ಗೇಣುದ್ದ ವೈರ್! ಒಂದ ಕಾಲವಿ ನೀರು ಇಬ್ಬರ ಹೊಲಕ್ಕ ಹೋಗ್ತಿದ್ರ ಮ್ಯಾಲಿನಾಂವ ಪಂಪ್ ಚಾಲೂ ಮಾಡಿದಾಗ ಕೆಳಗಿನವನ ಮಟ್ಟ ಬದಲಾಗ್ತೈತಲ್ಲ, ಹಂಗ ಇದು.

ಅಣ್ಣ ಸುಮ್ನ ನಿಂತಿದ್ದಾ. ಆಮ್ಯಾಲ ಅಂದಾ, "ಹಿಂಗ ಹಾರೋವಾಗ ಫ್ಯೂಯಲ್ ಪಂಪ್ ಹಾಕಿದ್ರ ನಾನು ಇಂಜಿನ್ ಸುಡಾಕ ಹತ್ತೇತಿ ಅಂತ ಥ್ರಾಟಲ್ ಎಳೀತಿದ್ದೆ." ಖರೆ ಮಾತು, ಆದ್ರ ನನಗ ಇನ್ನೂ ಅಂಜಿಕಿ ಬಂದದ್ದು ಉಲ್ಟಾ ಪಾಳಿಗೆ. ಮೈನಸ್ ಯಾವ ತುದಿಗೆ ಕೂಡೇತಿ ಅನ್ನೋದರ ಮ್ಯಾಲ ರೀಡಿಂಗ್ ಏರಬಹುದು, ಇಳೀಲೂಬಹುದು. ನಿಜವಾಗಿ ಬಿಸಿ ಏರಿದಾಗ ಮೀಟರ್ ತಂಪೈತಿ ಅಂತ ತೋರಿಸಿದ್ರ ಅದರಂಥಾ ಕೆಡಕು ಇನ್ನೊಂದಿಲ್ಲ. ಮೀಟರ್ ಇಲ್ಲದಿದ್ರ ಪೈಲಟ್ ಕಿವಿ, ಮೂಗು, ಆರ್‌ಪಿಎಂ ನಂಬತಾನ, ಸುಳ್ಳು ಹೇಳೋ ಮೀಟರ್ ಇದ್ರ ಅದನ್ನ ನಂಬತಾನ.

ಇದಕ್ಕ ಮದ್ದು ಎರಡು. ತುದಿ ಕೊಳವಿಗೆ ಕೂಡದ ಇರೋ ಪ್ರೋಬ್ ಬರ್ತಾವ, ಅವನ್ನ ಹಾಕೋದು, ಆದ್ರ ಅವು ಶಾಖ ಹಿಡಿಯೋದು ಸ್ವಲ್ಪ ಸಾವಕಾಶ, ಮತ್ತ ಇಂಜಿನ್ ಕಡೆ ಬಿಚ್ಚಬೇಕಾಗ್ತೈತಿ. ಎರಡನೇದು ಐಸೋಲೇಟೆಡ್ ಕನ್ವರ್ಟರ್, ಒಳಗ ಪುಟ್ಟ ಟ್ರಾನ್ಸ್‌ಫಾರ್ಮರ್ ಇರೋದು, ಇನ್‌ಪುಟ್ ಮೈನಸ್ಸಿಗೂ ಔಟ್‌ಪುಟ್ ಮೈನಸ್ಸಿಗೂ ತಾಮ್ರದ ಸಂಬಂಧ ಇರಂಗಿಲ್ಲ. ನಾನು ಇದನ್ನ ಹಿಡದ್ನಿ. 12ರಿಂದ 9 ಮಾಡೋ ಸಣ್ಣ ಒಂದು ವ್ಯಾಟಿನ ಮಾಡ್ಯೂಲ್ ಸಿಗ್ತಾವ, ಆದ್ರ ಅವಕ್ಕ ಇನ್‌ಪುಟ್ ಹತ್ತು ಪರ್ಸೆಂಟ್ ಮಾತ್ರ ಆ ಕಡೆ ಈ ಕಡೆ ಆಗಬಹುದು, 14 ವೋಲ್ಟ್ ಅಂದ್ರ ಗಡಿ ದಾಟಿತು. ಹಂಗಾಗಿ ಮೊದಲ 7805 ಹಾಕಿ 5 ವೋಲ್ಟ್ ಗಟ್ಟಿ ಮಾಡಿ, ಅದರ ಮುಂದ 5ರಿಂದ 9 ಮಾಡೋ ಐಸೋಲೇಟೆಡ್ ಮಾಡ್ಯೂಲ್ ಇಟ್ನಿ. ಇದು ತನ್ನ ಔಟ್‌ಪುಟ್ ತಾನು ಹಿಡದು ಕುಂಡ್ರಂಗಿಲ್ಲ, ಲೋಡ್ ಇಲ್ದಿದ್ರ ವೋಲ್ಟೇಜ್ ಮ್ಯಾಲ ಹೋಗ್ತೈತಿ, ಅದಕ್ಕ 820 ಓಮಿನ ರೆಸಿಸ್ಟರ್ ಔಟ್‌ಪುಟ್ಟಿಗೆ ಕಾಯಂ ಹಚ್ಚಿ 11 ಮಿಲಿಆಂಪ್ ಯಾವಾಗ್ಲೂ ಎಳ್ಯಾಂಗ ಮಾಡಿದ್ನಿ. ಮೀಟರ್ ಹಚ್ಚಿದ್ರ 9.6 ತೋರಸ್ತು, ಹೊಸ ಬ್ಯಾಟರಿ ಇದ್ದಂಗ. ಇದೂ ಒಳಗ ಸ್ವಿಚಿಂಗ್ ಮಾಡೋದ, ಖರೆ, ಆದ್ರ ಎಳಿಯೋದು ಅಲ್ಪ ಸ್ವಲ್ಪ ಕರೆಂಟ್, ಬ್ಯಾರೆ ತಗಡಿನ ಗೂಡಿನಾಗ ಹಾಕಿ, ಒಳಗ ಹೊರಗ ವೈರಿಗೆ ಗದ್ದಲ ತಡಿಯೋ ಫೆರೈಟ್ ಮಣಿ ಪೋಣಿಸಿ, ಮತ್ತ ಧಾರವಾಡ ಸ್ಟೇಷನ್ ಹಚ್ಚಿ ಕೇಳಿದ್ವಿ. ಡಬ್ಬಿಗೆ ತಾಗಿಸಿ ಹಿಡದ್ರ ತೆಳುವಾಗಿ ಕೇಳಸ್ತು, ಒಂದು ಗೇಣು ಸರಿಸಿದ್ರ ಇಲ್ಲ. ಮತ್ತ ಬೈಕಿಗೆ ಹಚ್ಚಿದ್ವಿ, ಹಾರ್ನ್ ಒತ್ತಿದ್ವಿ, ಇಂಡಿಕೇಟರ್ ಹಾಕಿದ್ವಿ, ಬ್ರೇಕ್ ಲೈಟ್ ಹಾಕಿದ್ವಿ. ರೀಡಿಂಗ್ ಜಗ್ಗಲಿಲ್ಲ. ಆ ಸಂಜಿ ನನಗ ಆದ ಸಂತೋಷ ಹೇಳಾಕ ಬರಂಗಿಲ್ಲ.

ಇಂಟರ್‌ಕಾಮ್ ಕತಿ ಸಣ್ಣದು. 7809ರಿಂದ ಕೊಟ್ಟು, ಹೆಡ್‌ಸೆಟ್ ಜ್ಯಾಕುಗಳ ಮೈ ಪ್ಯಾನಲ್ ತಗಡಿಗೆ ತಾಗದಂಗ ಫೈಬರ್ ವಾಷರ್ ಹಾಕಿಸಿದ್ರ ಮುಗೀತು. ರೇಡಿಯೋದ ಡಿಸಿ ಕಿಂಡಿ 12 ವೋಲ್ಟ್ ಮ್ಯಾಲಿಂದು ಸೀದಾ ತಗೋತೈತಿ ಅಂತ ಅದರ ಪುಸ್ತಕದಾಗ ಇತ್ತು, ಹಂಗಾಗಿ ಫಿಲ್ಟರ್ ಆದ ಮ್ಯಾಲಿನ ಲೈನ್ ಫ್ಯೂಸ್ ಹಾಕಿ ಕೊಟ್ವಿ, ಅದರ ಸ್ವಂತ ಪ್ಯಾಕ್ ಒಳಗ ಇದ್ದಂಗ ಬಿಟ್ವಿ. ಒಂದು ಮಾತು ಎಲ್ಲಾದಕ್ಕೂ ಲಾಗೂ: ಚಾರ್ಜ್ ಆಗದ ಸಾದಾ ಅಲ್ಕಲೈನ್ ಸೆಲ್ ಒಳಗ ಇದ್ದಾಗ ಅದರ ತುದಿಗಳ ಮ್ಯಾಲ ಹೊರಗಿನ ಕರೆಂಟ್ ಕೊಡಬಾರದು, ಸೆಲ್ ಸೋರ್ತೈತಿ, ಒಡದರೂ ಒಡೀತೈತಿ.

ಜಕ್ಕೂರಿಗೆ ನಾನೂ ಹೋದ್ನಿ. ಅಲ್ಲಿ ಮೇಂಟೆನೆನ್ಸ್ ನೋಡೋ ಇಂಜಿನಿಯರ್ ಸರ್ ಡಬ್ಬಿ ಬಿಚ್ಚಿಸಿ ಒಳಗ ಪ್ರತಿಯೊಂದು ನೋಡಿದ್ರು. ನಾನು ತಂದ ಪಿವಿಸಿ ವೈರ್ ಅವರಿಗೆ ಒಪ್ಪಲಿಲ್ಲ. "ಇದು ಹತ್ಕೊಂಡ್ರೆ ಬರೋ ಹೊಗೆ ಸಣ್ಣ ಕ್ಯಾಬಿನ್‌ನಲ್ಲಿ ಆಗಲ್ಲ, ಟೆಫ್‌ಜೆಲ್ ಹಾಕಿ" ಅಂತ ತಮ್ಮ ಹತ್ರ ಇದ್ದ ವೈರ್ ಕೊಟ್ರು. ಕದಲೋ ಜಾಗಾದಾಗ ಬೆಸಗಿ ಬ್ಯಾಡ, ಕ್ರಿಂಪ್ ಮಾಡ್ರಿ, ಅಂದ್ರ ತುದಿ ಒತ್ತಿ ಬಿಗೀರಿ, ಅಂದ್ರು, ಯಾಕಂದ್ರ ಬೆಸಗಿ ಹಾಕಿದ ತುದಿಯಾಗ ವೈರ್ ಬಿರುಸಾಗಿ ನಡುಕಕ್ಕ ಅಲ್ಲೇ ತುಂಡಾಗ್ತೈತಿ. ಆಮ್ಯಾಲ ಕಂಪಾಸ್. ಡಿಸಿ ಕರೆಂಟ್ ಹರಿಯೋ ವೈರ್ ಕಂಪಾಸಿನ ಬಾಜು ಹೋದ್ರ ಮುಳ್ಳು ಸರೀತೈತಿ, ಪ್ಲಸ್ ಮೈನಸ್ ಎರಡನ್ನೂ ಹೆಣದು ಒಯ್ದ್ರ ಒಂದರ ಪ್ರಭಾವ ಇನ್ನೊಂದು ಕಡೀತೈತಿ. ಹೆಣದು, ಡಬ್ಬಿ ಸೀಟಿನ ಕೆಳಗ ಇಟ್ಟು, ಎಲ್ಲಾ ಚಾಲೂ ಮಾಡಿ, ಬಂದ್ ಮಾಡಿ, ಮುಳ್ಳು ನೋಡಿದ್ವಿ. ಸರೀಲಿಲ್ಲ.

ಗಾಲಿಗೆ ಅಡ್ಡಗಟ್ಟಿ ಕೊಟ್ಟು, ಬಾಲ ಕಟ್ಟಿ, ಇಂಜಿನ್ ಓಡಿಸಿ ಪರೀಕ್ಷೆ ಮಾಡಿದ್ವಿ. ಡಬ್ಬಿ ಮಾತ್ರ ಇಂಜಿನ್ ಸ್ಟಾರ್ಟ್ ಆಗಿ ವೋಲ್ಟೇಜ್ ಸ್ಥಿರ ಆದ ಮ್ಯಾಲ ಚುಚ್ಚೋದು, ಬಂದ್ ಮಾಡೂಮುಂಚೆ ಕೀಳೋದು. ಫ್ಯೂಯಲ್ ಪಂಪ್ ಹಾಕಿದ್ವಿ, ಮಿಣುಕೋ ಸ್ಟ್ರೋಬ್ ಲೈಟ್ ಹಾಕಿದ್ವಿ, ಇಜಿಟಿ ತನ್ನ ಪಾಡಿಗೆ ತಾನು ಇತ್ತು. ಹೆಡ್‌ಸೆಟ್ಟಿನಾಗ ಮಾತ್ರ ಆರ್‌ಪಿಎಂ ಜೋಡಿ ಏರೋ ಒಂದು ಸಣ್ಣ ಕೊಂಯ್ ಸಪ್ಪಳ ಬಂತು. ರೇಡಿಯೋದ ಆಂಟೆನಾ ಕೇಬಲ್ಲಿನ ಜಾಳಿಗಿ ವಿಮಾನದ ಮೈಗೆ ಕೂಡೇತಿ, ಅದರ ಡಿಸಿ ಮೈನಸ್ ನನ್ನ ಡಬ್ಬಿ ಕಡೆಯಿಂದ, ಮತ್ತ ಅದ ಎರಡು ಮೈನಸ್ಸಿನ ಕತಿ. ರೇಡಿಯೋದ್ದು ಇಂಟರ್‌ಕಾಮಿಂದು ಎರಡರ ಮೈನಸ್ಸನ್ನೂ ಡಬ್ಬಿ ಒಳಗ ಒಂದ ಬೋಲ್ಟಿಗೆ ತಂದು, ರೇಡಿಯೋ ವೈರಿಗೆ ಫೆರೈಟ್ ಮ್ಯಾಲ ಎರಡು ಸುತ್ತು ಹಾಕಿದ ಮ್ಯಾಲ ಕಿವಿಗೊಟ್ಟು ಕೇಳಿದ್ರ ಅಷ್ಟ ಸಿಗೂವಷ್ಟು ಇಳೀತು.

ಡಬ್ಬಿ ಮ್ಯಾಲ ದಪ್ಪ ಅಕ್ಷರದಾಗ 14 ವೋಲ್ಟ್ ಮಾತ್ರ ಅಂತ ಬರದೇನಿ. ಯಾಕಂದ್ರ ಸೆಸ್ನಾ 152, ಮತ್ತ 1978ರ ಮಾಡೆಲ್ಲಿಂದ ಈಚಿನ ಸೆಸ್ನಾ 172 ಇವೆಲ್ಲಾ 28 ವೋಲ್ಟಿನವು, ಸಾಕೆಟ್ ನೋಡಾಕ ಒಂದ ಥರ ಇರಬಹುದು. ಅಲ್ಲಿ ಯಾರರ ಚುಚ್ಚಿದ್ರ ಬಾಗಲಾಗಿನ 18 ವೋಲ್ಟಿನ ಸಪ್ರೆಸರ್ ಕರೆಂಟ್ ಎಳದು ಫ್ಯೂಸ್ ಹಾರಸ್ತೈತಿ, ಒಳಗಿನ ಸಾಮಾನು ಉಳೀತಾವ.

ಒಂದು ವಿಚಾರ ಮಾತ್ರ ಅಣ್ಣನ ತಲ್ಯಾಗ ಗಟ್ಟಿ ಕುಂಡ್ರಸೇನಿ. ಮೊದಲ ಸೆಲ್ ಹೋದ್ರ ಒಂದ ಸಾಮಾನು ಹೋಗ್ತಿತ್ತು. ಈಗ ಸಾಕೆಟ್ ಫ್ಯೂಸ್ ಹೋದ್ರ, ಜನರೇಟರ್ ನಿಂತು ಬ್ಯಾಟರಿ ಬರಿದಾದ್ರ, ಎಲ್ಲಾ ಒಮ್ಮೆಲೆ ಹೋಗ್ತಾವ. ಅದಕ್ಕ ರೇಡಿಯೋ ಮೊದಲು, ಅದರ ಪ್ಯಾಕ್ ಚಾರ್ಜ್ ಇಲ್ದ ನೆಲ ಬಿಡೋ ಹಂಗಿಲ್ಲ. ಆಮ್ಯಾಲ ಇಜಿಟಿ, ಅದರ ವೈರ್ ತುದಿಗೆ 9 ವೋಲ್ಟಿನ ಕ್ಲಿಪ್ಪ ಹಾಕೇನಿ, ಕಿತ್ತು ಬ್ಯಾಟರಿ ಮೂತಿಗೆ ಒತ್ತಿದ್ರ ನಡೀತೈತಿ. ಜಿಪಿಎಸ್‌ಗೆ ಎರಡು ಹೊಸ ಸೆಲ್ ತೊಡಿ ಮ್ಯಾಲ ಕಟ್ಟೋ ಪ್ಯಾಡಿನ ಜೇಬಿನಾಗ. ಹ್ಯಾಂಗರಿನಾಗ ನಿಂತಾಗ ಪ್ಲಗ್ ಕಿತ್ತು ಅಂವಾ ಎಲ್ಲಾ ಬದಲಿ ಮಾಡಿ ರೂಢಿ ಮಾಡ್ಕೊಂಡಾನ, ಕೆಂಪು ಕಟಗಿ ಹಳದಿ ಕಟಗಿ ತಗದು ಸೆಲ್ ಹಾಕೋದು ಈಗ ನೋಡದs ಮಾಡ್ತಾನ. ಜನರೇಟರ್ ನಿಂತದ್ದು ಲಗೂನ ತಿಳೀಲಿ ಅಂತ ಡಬ್ಬಿಗೆ ಒಂದು ಸಣ್ಣ ವೋಲ್ಟ್‌ಮೀಟರ್, 12.8ಕ್ಕಿಂತ ಇಳದ್ರ ಹತ್ತೋ ಕೆಂಪು ಲೈಟ್ ಮಾಡಾಕ ಹತ್ತೇನಿ, ಮುಂದಿನ ಸಲ ಅಂವಾ ಬೆಂಗಳೂರಿಗೆ ಹೋಗೋವಾಗ ಅದು ತಯಾರ್ ಇರ್ತೈತಿ.